ರಂಗೋಲಿ ಸ್ಪರ್ಧೆ ಮಾಡಿ, ಕೊಬ್ಬರಿ ಮಿಠಾಯಿ ಮಾರಿ 63,400 ರೂಪಾಯಿ ಆಯ್ತು. ಸ್ತನ ಕ್ಯಾನ್ಸರ್ ಸಂಶೋಧನೆಗೆ ಕೊಡೋದು ಹೇಗೆ?

ತಿಪಟೂರ್_ಟೀಚರ್
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ಹೋದ ವರ್ಷ ಯುಗಾದಿ ಆಗಿ ಎರಡು ವಾರಕ್ಕೆ ನನ್ನ ವಾರಗಿತ್ತಿ ತೀರ್ಕೊಂಡ್ಳು. 41 ವರ್ಷ. ಸ್ತನ ಕ್ಯಾನ್ಸರ್, ಟ್ರಿಪಲ್ ನೆಗೆಟಿವ್ ಅಂತ ರಿಪೋರ್ಟಲ್ಲಿತ್ತು, ಹಾರ್ಮೋನ್ ಮಾತ್ರೆ ನಾಟಲ್ಲ, ಒಂದು ದುಬಾರಿ ಇಂಜೆಕ್ಷನ್ ಇದೆಯಂತೆ, ಅದೂ ನಾಟಲ್ಲ, ಕೀಮೋ ನೋಡೋಣ ಅಂದಿದ್ರು. ಕೀಮೋನೂ ಆಯ್ತು. ಕೊನೆಗೆ ಡಾಕ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು "ಇನ್ನು ಕೊಡೋಕೆ ನಮ್ಮತ್ರ ಏನೂ ಇಲ್ಲಮ್ಮ" ಅಂದಾಗ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಆ ಮಾತು ಇವತ್ತಿಗೂ ನನ್ನ ಬಿಟ್ಟು ಹೋಗಿಲ್ಲ.

ಅವಳು ನನಗೆ ಆಮೇಲೆ ಹೇಳಿದ್ದು, ಬೆಳಿಗ್ಗೆ ತಲೆ ಬಾಚ್ಕೊಳ್ಳೋವಾಗ ಕೈ ಮೇಲೆತ್ತಿದ್ರೆ ಕನ್ನಡಿಯಲ್ಲಿ ಎಡಗಡೆ ಚರ್ಮ ಒಂದು ಕಡೆ ಒಳಗೆ ಎಳ್ಕೊಂಡಂಗೆ ಕಾಣೋದಂತೆ, ದಿಂಬಿಗೆ ಗುಂಡಿ ಹೊಲಿದಿರ್ತಾರಲ್ಲ ಹಂಗೆ, ಕೈ ಇಳಿಸಿದ್ರೆ ಮಾಯ. ನೋವಿಲ್ಲ. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗೀಲಿ ಅಂತ ಐದು ತಿಂಗಳು ಯಾರಿಗೂ ಹೇಳಿಲ್ಲ. ಒಂದೇ ಮನೇಲಿದ್ದೀವಿ, ನನಗೂ ಹೇಳಿಲ್ಲ.

ಅದಕ್ಕೆ ಈ ಸಲ ನಮ್ಮ ಬಡಾವಣೆ ಹೆಂಗಸರು ಸೇರಿ ರಂಗೋಲಿ ಸ್ಪರ್ಧೆ ಇಟ್ವಿ, ಕೊಬ್ಬರಿ ಮಿಠಾಯಿ, ಕೋಡುಬಳೆ ಮಾರಿದ್ವಿ, ಒಂದು ಹುಂಡಿ ಇಟ್ವಿ. ಫ್ಲೆಕ್ಸ್ ಅಂಗಡಿ ಹುಡುಗ "ಮೇಡಂ ಸ್ತನ ಅಂತ ದೊಡ್ಡಕ್ಷರದಲ್ಲಿ ಹಾಕ್ಬೇಕಾ, ಮಹಿಳಾ ಕ್ಯಾನ್ಸರ್ ಅಂತ ಹಾಕೋಣ್ವಾ" ಅಂದ. ಹಾಕಪ್ಪ, ಅದನ್ನೇ ಎಲ್ಲಕ್ಕಿಂತ ದೊಡ್ಡದಾಗಿ ಹಾಕು ಅಂದೆ. ಬ್ಯಾನರ್ ಮೇಲೆ "ಸ್ತನ ಕ್ಯಾನ್ಸರ್ ಸಂಶೋಧನೆಗೆ ನಿಮ್ಮ ಕಾಣಿಕೆ" ಅಂತ ಇತ್ತು. ಒಟ್ಟು 63,400 ಆಯ್ತು. ಈಗ ಯಾರಿಗೆ ಕೊಡ್ಬೇಕು, ಹೇಗೆ ಕೊಡ್ಬೇಕು, ಅದು ನಿಜವಾಗ್ಲೂ ಸಂಶೋಧನೆಗೇ ಹೋಗುತ್ತಾ ಅಂತ ಹೇಗೆ ತಿಳ್ಕೊಳ್ಳೋದು? ಗೊತ್ತಿರೋರು ಹೇಳಿ.

ಪೇಡೆ_ನಗರಿ
ಬಾಯಾರ, ಓದಿ ಕಣ್ಣಾಗ ನೀರು ಬಂತ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ಮನಸಿನ್ಯಾಗ ಇದ್ದದ್ದು ಹೇಳ್ತೀನಿ, 63 ಸಾವಿರಕ್ಕ ಸಂಶೋಧನಾ ಎಷ್ಟ್ ಆಗ್ತೈತ್ರಿ? ನಮ್ಮ ಓಣ್ಯಾಗ ಒಬ್ಬಾಕಿ ಅದಾಳ, ಕೂಲಿ ಮಾಡಾಕಿ, ಈಗ ರೇಡಿಯೇಶನ್ ನಡದೈತಿ. ವಾರಕ್ಕ ಐದು ದಿನ ಹುಬ್ಬಳ್ಳಿಗೆ ಹೋಗಿ ಬರಬೇಕು. ಆಕಿಗೆ ಬಸ್ ಫ್ರೀ ಐತಿ ಖರೆ, ಜೋಡಿ ಹೋಗೋ ಗಂಡಂದು ಪಗಾರ ಹೋಗ್ತೈತಲ್ರಿ, ಅವಂಗ ಟಿಕೆಟ್ ಬ್ಯಾರೆ, ಮಧ್ಯಾಹ್ನ ಇಬ್ರದೂ ಊಟ. ಕಾರ್ಡ್ ಮ್ಯಾಲ ಟ್ರೀಟ್‌ಮೆಂಟ್ ಪುಗಸಟ್ಟೆ ಆಗ್ತೈತಿ, ಆದ್ರ ಇವೆಲ್ಲಾ ಯಾವ ಕಾರ್ಡ್ನ್ಯಾಗೂ ಬರೂದಿಲ್ಲ. ಇಂಥಾ ನಾಕ್ ಮಂದಿಗೆ ಕೊಟ್ರ ನಿಮ್ಮ ರೊಕ್ಕ ಕಣ್ಣಿಗೆ ಕಾಣ್ತೈತಿ.

ಮೈಸೂರ್_ಮಲ್ಲಿಗೆ
ಪೇಡೆ ಅವ್ರು ಹೇಳಿದ್ದು ನೂರಕ್ಕೆ ನೂರು ಸರಿ. ಇರೋರನ್ನ ಮೊದಲು ನೋಡ್ಕೋಬೇಕು.

ಲ್ಯಾಬ್‌ಕೋಟು
ನಾನು ಬೆಂಗಳೂರಲ್ಲಿ ಕ್ಯಾನ್ಸರ್ ಮೇಲೇ ಕೆಲಸ ಮಾಡ್ತೀನಿ, ಡಾಕ್ಟರಲ್ಲ, ಲ್ಯಾಬಿನವನು. 63 ಸಾವಿರಕ್ಕೆ ಏನಾಗುತ್ತೆ ಅನ್ನೋ ಪ್ರಶ್ನೆಗೆ ಒಂದು ವಿಷಯ ಹೇಳ್ಬೇಕು ಅನ್ನಿಸ್ತು.

ಸಂಶೋಧನೆ ಅಂದ ತಕ್ಷಣ ನಮಗೆ ಕೋಟಿಗಟ್ಟಲೆ ಮಿಷಿನ್ನು, ಅಮೆರಿಕ ಅಂತ ತಲೇಗೆ ಬರುತ್ತೆ. ಮುಂಬೈ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ತಂಡ ಮಾಡಿದ್ದು ನೋಡಿ. ಹಲ್ಲು ಕೀಳೋವಾಗ ಮರಗಟ್ಟಿಸೋಕೆ ಕೊಡ್ತಾರಲ್ಲ ಲಿಗ್ನೋಕೇನ್, ಅದನ್ನ ಸ್ತನ ಕ್ಯಾನ್ಸರ್ ಆಪರೇಷನ್‌ಗೆ ಏಳರಿಂದ ಹತ್ತು ನಿಮಿಷ ಮೊದ್ಲು ಗಂಟಿನ ಸುತ್ತ ಚುಚ್ಚಿದ್ರು. ಅಷ್ಟೇ. ಕತ್ತರಿಸೋವಾಗ ಕ್ಯಾನ್ಸರ್ ಕಣಗಳು ಎದ್ದು ಬೇರೆ ಕಡೆ ಹೋಗೋದನ್ನ ತಡೀಬಹುದಾ ಅನ್ನೋದು ಅವರ ಯೋಚನೆ. 2011ರಿಂದ ದೇಶದ 11 ಆಸ್ಪತ್ರೆಗಳಲ್ಲಿ ಹತ್ತಿರ ಹತ್ತಿರ 1,600 ಹೆಂಗಸರ ಮೇಲೆ ನೋಡಿದ್ರು, ಅರ್ಧ ಜನಕ್ಕೆ ಕೊಟ್ಟು ಅರ್ಧ ಜನಕ್ಕೆ ಕೊಡದೆ. 2023ರಲ್ಲಿ ಪ್ರಕಟ ಆಯ್ತು. ಐದು ವರ್ಷ ಆದ್ಮೇಲೆ ಬದುಕಿದ್ದೋರು ಇಂಜೆಕ್ಷನ್ ಇಲ್ಲದ ಗುಂಪಲ್ಲಿ ನೂರಕ್ಕೆ 86, ಇಂಜೆಕ್ಷನ್ ತಗೊಂಡೋರಲ್ಲಿ 90. ಔಷಧಿ ಖರ್ಚು ನೂರು ರೂಪಾಯಿ ಒಳಗೆ.

ಅದು ಹಳೇ ಔಷಧಿ, ಅದರಲ್ಲಿ ಲಾಭ ಇಲ್ಲ, ಹಾಗಾಗಿ ಯಾವ ಕಂಪ್ನಿನೂ ಇಂಥದ್ದಕ್ಕೆ ದುಡ್ಡು ಹಾಕಲ್ಲ. ಸರ್ಕಾರದ ದುಡ್ಡಲ್ಲಿ, ಜನರ ದುಡ್ಡಲ್ಲಿ ಮಾತ್ರ ಆಗೋ ಕೆಲಸ ಇದು. ಇಂಥ ಟ್ರಯಲ್‌ನಲ್ಲಿ ಖರ್ಚು ಎಲ್ಲಿ ಆಗುತ್ತೆ ಗೊತ್ತಾ, ಪೇಷಂಟ್ ಬದುಕಿದ್ದಾರಾ, ಕ್ಯಾನ್ಸರ್ ತಿರುಗಿ ಬಂತಾ ಅಂತ ವರ್ಷಗಟ್ಟಲೆ ಫೋನ್ ಮಾಡ್ತಾ ಇರೋ ಹುಡುಗೀರ ಸಂಬಳಕ್ಕೆ, ಟಿಶ್ಯೂ, ಅಂದ್ರೆ ತೆಗೆದ ಗಂಟಿನ ಚೂರು, ಇಡೋ ಫ್ರೀಜರ್‌ಗೆ, ಸ್ಲೈಡ್‌ಗೆ. ಅಲ್ಲಿ 63 ಸಾವಿರಕ್ಕೆ ಬೆಲೆ ಇದೆ.

ಟೀಚರ್, ನಿಮ್ಮ ವಾರಗಿತ್ತಿಗೆ ಇದ್ದ ಟ್ರಿಪಲ್ ನೆಗೆಟಿವ್ ಪಾಶ್ಚಾತ್ಯ ದೇಶಗಳಿಗಿಂತ ನಮ್ಮಲ್ಲಿ ಹೆಚ್ಚು ಪಾಲು ಕಾಣಿಸುತ್ತೆ. ನಮ್ಮ ಹೆಂಗಸರಿಗೆ ಬರೋ ವಯಸ್ಸೂ ಅಲ್ಲಿಯವರಿಗಿಂತ ಸುಮಾರು ಹತ್ತು ವರ್ಷ ಮೊದ್ಲು. ಯಾಕೆ ಅಂತ ನಮ್ಮ ಹೆಂಗಸರ ಮೇಲೇ ಸಂಶೋಧನೆ ಮಾಡಿದ್ರೇ ಗೊತ್ತಾಗೋದು, ಬೇರೆಯವರು ಬಂದು ಮಾಡಿಕೊಡಲ್ಲ.

ತಿಪಟೂರ್_ಟೀಚರ್
ಲ್ಯಾಬ್‌ಕೋಟು ಅವರೇ, ಇದನ್ನ ಎರಡು ಸಲ ಓದಿದೆ. ನೂರು ರೂಪಾಯಿ ಔಷಧಿ. ತುಂಬಾ ಥ್ಯಾಂಕ್ಸ್.

ಕಡಲತೀರ_88
ನನ್ನ ಅಮ್ಮನಿಗೆ ಆಪರೇಷನ್ ಆಗಿ ಒಂಬತ್ತು ವರ್ಷ ಆಯ್ತು, ದೇವರ ದಯದಿಂದ ಹುಷಾರಾಗಿದ್ದಾರೆ. ಅವರದ್ದು ಎಚ್‌ಇಆರ್2 ಪಾಸಿಟಿವ್ ಅಂತ, ಅಂದ್ರೆ ಆ ಹೆಸರಿನ ಪ್ರೋಟೀನ್ ಗಂಟಿನಲ್ಲಿ ಜಾಸ್ತಿ ಇರುವ ಜಾತಿ, ಅದಕ್ಕೆ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಒಂದು ವರ್ಷ ಕೊಟ್ರು, ನಮ್ಮ ಬೆಂಗಳೂರಿನ ಬಯೋಕಾನ್‌ನವರು ಮಾಡಿದ್ದು. ಅದು ಇಲ್ಲದಿದ್ರೆ ಹೊರಗಿನದ್ದನ್ನು ತರಿಸ್ಲಿಕ್ಕೆ ನಮ್ಮಿಂದ ಖಂಡಿತ ಆಗ್ತಿರ್ಲಿಲ್ಲ, ತೋಟ ಮಾರ್ಬೇಕಿತ್ತು. ಹಾಗಾಗಿ ಸಂಶೋಧನೆಗೆ ಕೊಡುದು ದಂಡ ಅಂತ ಯಾರಾದ್ರು ಹೇಳಿದ್ರೆ ನಂಗೆ ಒಪ್ಲಿಕ್ಕೆ ಆಗುದಿಲ್ಲ. ಯಾರೋ ಯಾವತ್ತೋ ಕೊಟ್ಟ ದುಡ್ಡಿನಿಂದ ಅಮ್ಮ ಇವತ್ತು ಅಂಗಳದಲ್ಲಿ ಅಡಿಕೆ ಸುಲಿತಾ ಇದ್ದಾರೆ.

ಆಪರೇಷನ್ ಆದ ಮೇಲಿನದ್ದು ಯಾರೂ ಹೇಳುದಿಲ್ಲ, ನಾನು ಹೇಳ್ತೇನೆ. ಒಂದು ಬದಿ ಪೂರ್ತಿ ತೆಗೆದಿದ್ರು. ಸಿಲಿಕೋನ್‌ದು ಸಿಗ್ತದೆ, ಆವಾಗ ನಮ್ಮ ಕೈಗೆ ಎಟುಕುವ ಬೆಲೆ ಅಲ್ಲ. ಅಮ್ಮ ಹಳೇ ಕಾಟನ್ ಸೀರೆಯಲ್ಲಿ ಒಂದು ಚೀಲ ಹೊಲಿದು ಒಳಗೆ ಸಾಸಿವೆ ತುಂಬಿಸಿಕೊಂಡ್ರು. ಹತ್ತಿ ತುಂಬಿಸಿದ್ರೆ ಹಗುರ ಆಗಿ ರವಿಕೆ ಮೇಲೆ ಜಗ್ತದೆ, ಭುಜ ಒಂದು ಬದಿಗೆ ವಾಲ್ತದೆ. ಸಾಸಿವೆ ಆದ್ರೆ ಭಾರ ಉಂಟು, ಮೈಗೆ ಸರಿಯಾಗಿ ಕೂತ್ಕೊಳ್ತದೆ. ಮದುವೆಗೆ ಹೋಗುವಾಗ ಅದನ್ನೇ ಇಟ್ಕೊಂಡು ಹೋದ್ರು, ಎರಡು ವರ್ಷದಲ್ಲಿ ಮೊದಲನೇ ಸಲ ಸೆರಗು ಮುಚ್ಚಿ ಹಿಡ್ಕೊಳ್ಳದೆ ನಿಂತಿದ್ರು.

ನ್ಯೂಜೆರ್ಸಿ_ಗೌಡ
ಕಡಲತೀರ ಅವ್ರೇ, ನಿಮ್ಮ ತಾಯಿ ತಗೊಂಡ ಆ ಔಷಧಿ ಹಿಂದೇನೂ ಜನ ಕೂಡ್ಸಿದ ದುಡ್ಡೇ ಇದೆ. ಲಾಸ್ ಏಂಜಲೀಸ್‌ನಲ್ಲಿ ಡಾ. ಡೆನ್ನಿಸ್ ಸ್ಲಾಮನ್ ಅನ್ನೋರು ಎಚ್‌ಇಆರ್2 ಮೇಲೆ ಕೆಲಸ ಮಾಡ್ತಿದ್ದಾಗ ಔಷಧಿ ಮಾಡ್ತಿದ್ದ ಕಂಪ್ನಿ ಒಳಗೇ ಬೇಕಾದಷ್ಟು ಬೆಂಬಲ ಇರ್ಲಿಲ್ಲ. ಲಿಲ್ಲಿ ಟಾರ್ಟಿಕಾಫ್ ಅಂತ ಒಬ್ಬ ಹೆಣ್ಣುಮಗಳು, ಆಕೆ ಗಂಡನಿಗೆ ಬೇರೆ ಕ್ಯಾನ್ಸರ್ ಬಂದಾಗ ಸ್ಲಾಮನ್ ನೋಡ್ಕೊಂಡಿದ್ರು, ಆ ಋಣಕ್ಕೆ ರೆವ್ಲಾನ್ ಅನ್ನೋ ಸೌಂದರ್ಯವರ್ಧಕ ಕಂಪ್ನಿ ಮಾಲೀಕರ ಹಿಂದೆ ಬಿದ್ದು ದುಡ್ಡು ತಂದ್ರು, ಆಮೇಲೆ ಓಟ, ಸಮಾರಂಭ ಎಲ್ಲ ಮಾಡಿದ್ರು. 1998ರಲ್ಲಿ ಔಷಧಿಗೆ ಅನುಮತಿ ಸಿಕ್ತು. 2017ರಲ್ಲಿ ಬಯೋಕಾನ್ ಮತ್ತು ಮೈಲಾನ್ ಕಂಪ್ನಿ ಸೇರಿ ಮಾಡಿದ್ದಕ್ಕೆ ಇಲ್ಲಿ ಅಮೆರಿಕದಲ್ಲೂ ಅನುಮತಿ ಆಯ್ತು.

ಇಲ್ಲಿ ಅಕ್ಟೋಬರ್ ಬಂದ್ರೆ ಎಲ್ಲೆಲ್ಲೂ ಗುಲಾಬಿ ರಿಬ್ಬನ್ನು. ಅದಕ್ಕಿಂತ ಮೊದಲು ಷಾರ್ಲಟ್ ಹೇಲಿ ಅಂತ ಒಬ್ಬರು ಅಜ್ಜಿ ಮನೇಲಿ ಕೂತು ಪೀಚ್ ಬಣ್ಣದ ರಿಬ್ಬನ್ ಮಾಡ್ತಿದ್ರು. ಅವರ ಮನೇಲಿ ಅಜ್ಜಿ, ತಂಗಿ, ಮಗಳು ಮೂವರಿಗೂ ಬಂದಿತ್ತು. ಐದೈದು ರಿಬ್ಬನ್ ಒಂದು ಕಾರ್ಡಿಗೆ ಸಿಕ್ಕಿಸಿ ಹಂಚೋರು, ಕಾರ್ಡ್ ಮೇಲೆ ಇದ್ದಿದ್ದು ಸರ್ಕಾರದ ಕ್ಯಾನ್ಸರ್ ಸಂಸ್ಥೆಯ ಬಜೆಟ್ 180 ಕೋಟಿ ಡಾಲರ್, ತಡೆಗಟ್ಟೋದಕ್ಕೆ ಹೋಗೋದು ಶೇ. 5 ಮಾತ್ರ, ಜನಪ್ರತಿನಿಧಿಗಳನ್ನ ಎಚ್ಚರಿಸಿ ಅಂತ. ದೊಡ್ಡ ಕಂಪ್ನಿಯವರು ಬಂದು ಕೇಳಿದ್ರೆ ನೀವು ವ್ಯಾಪಾರ ಮಾಡ್ತೀರ, ಕೊಡಲ್ಲ ಅಂದ್ರು. 1992ರಲ್ಲಿ ಆ ಕಂಪ್ನಿಯವರೇ ಬಣ್ಣ ಬದಲಾಯಿಸಿ ಗುಲಾಬಿ ಮಾಡ್ಕೊಂಡ್ರು. ನನಗೆ ಆ ಅಜ್ಜಿ ಮೇಲೆ ಬಹಳ ಗೌರವ. ಟೀಚರ್ ಮೇಡಂ, ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ನೀವು ಮೊದಲೇ ಕೇಳ್ತಿದ್ದೀರಲ್ಲ, ಅದನ್ನ ಬಿಡಬೇಡಿ. ನಾನೂ ಕೊಡ್ತೀನಿ, ಹೇಗೆ ಕಳಿಸೋದು?

ಲೆಕ್ಕದ_ಪುಸ್ತಕ
ಆಡಿಟರ್ ಆಫೀಸಲ್ಲಿ ಕೆಲಸ ನಂದು. ಗೌಡ್ರೇ, ನಿಮ್ಮದು ಇನ್ನೂ ಇಂಡಿಯನ್ ಪಾಸ್‌ಪೋರ್ಟ್ ಆಗಿದ್ರೆ ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಬಹುದು, ಅದು ವಿದೇಶಿ ದೇಣಿಗೆ ಅಂತ ಲೆಕ್ಕ ಬರಲ್ಲ. ಅಮೆರಿಕನ್ ಪಾಸ್‌ಪೋರ್ಟ್ ತಗೊಂಡಿದ್ರೆ, ಭಾರತ ಮೂಲದವರಿಗೆ ಕೊಡೋ ಓಸಿಐ ಕಾರ್ಡ್ ಇದ್ರೂ ಸಹ, ಅದು ವಿದೇಶಿ ದೇಣಿಗೆನೇ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾನೂನು) ನೋಂದಣಿ ಅಥವಾ ಪೂರ್ವಾನುಮತಿ ಇರೋ ಸಂಸ್ಥೆಗೆ ಮಾತ್ರ ಕೊಡಬಹುದು. ದಯವಿಟ್ಟು ಟೀಚರ್ ಅವರ ಪರ್ಸನಲ್ ಅಕೌಂಟ್‌ಗೆ ಹಾಕ್ಬೇಡಿ, ಅವರಿಗೆ ತೊಂದ್ರೆ.

ಟೀಚರ್, ನಿಮಗೆ: ಹುಂಡಿ ಒಡೆದಾಗ ಕನಿಷ್ಠ ಮೂರು ಜನ ಇದ್ರಾ? ಎಣಿಸಿದ ಹಾಳೆ ಮೇಲೆ ಸೈನ್ ಇದ್ಯಾ? ಇಲ್ಲಾಂದ್ರೆ ಇವತ್ತೇ ಮಾಡಿಸಿ, ಮರ್ತುಹೋಗೋಕೆ ಮುಂಚೆ. ಕ್ಯಾಶ್ ಹಂಗೇ ಕೈಯಲ್ಲಿ ಇಟ್ಕೋಬೇಡಿ, ಸಂಘದ ಅಕೌಂಟ್‌ಗೆ ಕಟ್ಟಿ ಅಲ್ಲಿಂದ ಚೆಕ್ಕೋ ಆನ್‌ಲೈನೋ ಮಾಡಿ, 2,000 ದಾಟಿದ ನಗದು ದೇಣಿಗೆಗೆ ಆದಾಯ ತೆರಿಗೆ ವಿನಾಯ್ತಿ ಸಿಗಲ್ಲ. ಜೊತೆಗೆ ಒಂದು ಕಾಗದ ಬರೀರಿ, ಈ ಹಣ ಸ್ತನ ಕ್ಯಾನ್ಸರ್ ಸಂಶೋಧನೆಗೆ ಮಾತ್ರ ಬಳಸಬೇಕು ಅಂತ, ರಸೀದಿ ಮೇಲೂ ಹಾಗೇ ಬರೆದುಕೊಡಿ ಅಂತ ಕೇಳಿ. ಕೇಳೋಕೆ ಸಂಕೋಚ ಬೇಡ. ಬರೆದುಕೊಡಲ್ಲ ಅಂದ್ರೆ ಬೇರೆ ಕಡೆ ಹೋಗಿ.

ಇನ್ನೊಂದು, ಇದು ಗಟ್ಟಿಯಾಗಿ ಹೇಳ್ತೀನಿ. ಬ್ಯಾನರ್ ಮೇಲೆ ಸಂಶೋಧನೆ ಅಂತ ಹಾಕಿ ಎತ್ತಿದ ದುಡ್ಡು ಸಂಶೋಧನೆಗೇ ಹೋಗ್ಬೇಕು. ಪೇಡೆ ಅವ್ರು ಹೇಳಿದ ಕೂಲಿ ಹೆಂಗಸಿನ ಕಷ್ಟ ನಿಜ, ಅದಕ್ಕೆ ಅಂತಲೇ ಇನ್ನೊಂದು ಸಲ ಎತ್ತಿ, ನಾನೂ ಕೊಡ್ತೀನಿ. ಹುಂಡಿಗೆ ಹತ್ತು ರೂಪಾಯಿ ಹಾಕಿದ ಅಜ್ಜಿ ಏನು ಓದಿ ಹಾಕಿದ್ರೋ ಅದು ಮಾತು.

ಪೇಡೆ_ನಗರಿ
ಲೆಕ್ಕದವರು ಹೇಳಿದ್ದು ಒಪ್ಪಿದೆ ನೋಡ್ರಿ. ಬ್ಯಾನರ್ ಬಗ್ಗೆ ನಾ ವಿಚಾರ ಮಾಡಿದ್ದಿಲ್ಲ. ನಮ್ಮ ಓಣ್ಯಾಗ ನಾವೇ ಬ್ಯಾರೆ ಪಟ್ಟಿ ಎತ್ತತೀವಿ.

ಅನಾಮಿಕ
ನಾನು ಗಂಡಸು, ಇಲ್ಲಿ ಬರೀಬಹುದಾ ಗೊತ್ತಿಲ್ಲ. ನನ್ನ ಹೆಂಡತಿ ಹೋಗಿ ಆರು ವರ್ಷ. ಅವಳು ಗಂಟು ಇದೆ ಅಂದಾಗ ಡಾಕ್ಟ್ರು ಬಯಾಪ್ಸಿ ಬರೆದ್ರು, ಸೂಜಿ ಹಾಕಿ ಗಂಟಿನ ಚೂರು ತೆಗೆದು ನೋಡೋ ಪರೀಕ್ಷೆ. ನಮ್ಮ ದೊಡ್ಡಪ್ಪ ಸೂಜಿ ಚುಚ್ಚಿದ್ರೆ ಕೆರಳಿ ಮೈಯೆಲ್ಲಾ ಹರಡುತ್ತೆ, ಬೇಡ ಅಂದ್ರು. ನಾನೂ ಹೌದು ಅಂದೆ. ನಾಟಿ ಔಷಧಿಗೆ ಅಂತ ಏಳು ತಿಂಗಳು ತಿರುಗಿಸಿದೆ, ಪ್ರತಿ ಭಾನುವಾರ ಬೈಕಲ್ಲಿ ಕೂರಿಸ್ಕೊಂಡು. ಅವಳು ಒಂದು ಸಲನೂ ಬೇಡ ಅನ್ನಲಿಲ್ಲ, ನನ್ನ ನಂಬಿದ್ಲು. ಈ ತಪ್ಪು ನಂದೇ. ಸೂಜಿ ಚುಚ್ಚಿದ್ರೆ ಹರಡುತ್ತೆ ಅನ್ನೋದು ನಿಜ ಅಲ್ಲ ಅಂತ ಯಾರಾದ್ರೂ ಡಾಕ್ಟರ್ ಗೊತ್ತಿರೋರು ಇಲ್ಲಿ ಸ್ಪಷ್ಟವಾಗಿ ಬರೀರಿ, ಬೇರೆ ಗಂಡಂದಿರು ಓದ್ಲಿ.

ಲ್ಯಾಬ್‌ಕೋಟು
ಅಣ್ಣ, ಬರೆದಿದ್ದು ಒಳ್ಳೇದಾಯ್ತು. ಬಯಾಪ್ಸಿಯಿಂದ ಕ್ಯಾನ್ಸರ್ ಮೈಯೆಲ್ಲಾ ಹರಡಲ್ಲ. ಆ ಸೂಜಿಯಲ್ಲಿ ಬರೋ ಅಕ್ಕಿಕಾಳಿನಷ್ಟು ದಪ್ಪದ ಎಳೆ ಇಲ್ಲದೆ ಅದು ಕ್ಯಾನ್ಸರ್ ಹೌದಾ, ಯಾವ ಜಾತಿದು, ಯಾವ ಔಷಧಿ ನಾಟುತ್ತೆ ಅಂತ ಯಾರಿಗೂ ಗೊತ್ತಾಗಲ್ಲ. ಕೈಗೆ ಸಿಕ್ಕ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರಲ್ಲ, ಅದನ್ನ ತಿಳ್ಕೊಳ್ಳೋಕೂ ಎಷ್ಟೋ ಸಲ ಇದೇ ದಾರಿ. ಏಳು ತಿಂಗಳ ಹೊರೆ ನೀವೊಬ್ಬರೇ ಹೊತ್ಕೋಬೇಡಿ, ಆ ಮಾತು ನಮ್ಮ ಎಲ್ಲಾ ಮನೆಗಳಲ್ಲೂ ಇತ್ತು.

ಆಶಾ_ಅಕ್ಕ_ಹಾಸನ
ನಾನು ಹನ್ನೆರಡು ವರ್ಷದಿಂದ ಆಶಾ ಕಾರ್ಯಕರ್ತೆ. 30 ದಾಟಿದ ಎಲ್ಲರದೂ ನಾವು ಒಂದು ಫಾರಂ ತುಂಬ್ತೀವಿ, ಬಿಪಿ ಶುಗರ್ ಪ್ರಶ್ನೆ ಜೊತೆ ಅದರಲ್ಲಿ ಎದೇಲಿ ಗಂಟು ಇದ್ಯಾ, ತೊಟ್ಟಿಂದ ರಕ್ತ ಬರುತ್ತಾ, ಆಕಾರ ಬದಲಾಗಿದ್ಯಾ ಅಂತಲೂ ಇದೆ. ಅತ್ತೆ, ಗಂಡ, ಮೈದ ಎಲ್ರೂ ಜಗಲಿ ಮೇಲೆ ಕೂತಿರ್ತಾರೆ, ಅಲ್ಲಿ ಕೇಳಿದ್ರೆ ಇಲ್ಲ ಇಲ್ಲ ಅಂತ ತಲೆ ಆಡಿಸ್ತಾರೆ, ಮುಗೀತು. ನಾನು ಏನ್ಮಾಡ್ತೀನಿ ಅಂದ್ರೆ ಒಂದ್ಲೋಟ ನೀರು ಕೊಡಮ್ಮ ಅಂತ ಅವಳ ಹಿಂದೇನೇ ಅಡುಗೆಮನೆಗೆ ಹೋಗ್ತೀನಿ. ಒಲೆ ಹತ್ರ ನಿಂತು ಕೇಳಿದ್ರೆ ಹೇಳ್ತಾರೆ. ಹೋದ ತಿಂಗಳು ಒಬ್ಳು ಹಂಗೇ ಹೇಳಿದ್ಲು, ಕಂಕುಳಲ್ಲಿ ಗೋಲಿ ತರ ಇದೆ ಅಕ್ಕ, ಎಂಟು ತಿಂಗಳಾಯ್ತು ಅಂತ. ಕರ್ಕೊಂಡು ಹೋಗಿದೀನಿ, ರಿಪೋರ್ಟ್ ಬರ್ಬೇಕು.

ಸರ್ಕಾರದ ಕಡೆಯಿಂದ 30ರಿಂದ 65ರವರೆಗೆ ಐದು ವರ್ಷಕ್ಕೊಮ್ಮೆ ಉಪಕೇಂದ್ರದಲ್ಲೇ ಟ್ರೇನಿಂಗ್ ಆದ ಸಿಸ್ಟರ್ ಕೈಯಲ್ಲಿ ಮುಟ್ಟಿ ಪರೀಕ್ಷೆ ಮಾಡೋ ವ್ಯವಸ್ಥೆ ಇದೆ, ಪುಕ್ಕಟೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ನಿಮ್ಮ ಬಡಾವಣೆಗೂ ಸಿಸ್ಟರ್ ಇರ್ತಾರೆ, ಕರೀರಿ.

ಮೈಸೂರ್_ಮಲ್ಲಿಗೆ
ಕೈಯಲ್ಲಿ ಮುಟ್ಟಿ ನೋಡಿದ್ರೆ ಸಾಕಾ? ಮ್ಯಾಮೋಗ್ರಾಮ್, ಅಂದ್ರೆ ಸ್ತನದ ಎಕ್ಸ್‌ರೇ, ಬೇಡ್ವಾ? ನಮ್ಮ ಅಪಾರ್ಟ್‌ಮೆಂಟ್‌ಗೆ ಒಂದು ಖಾಸಗಿ ಆಸ್ಪತ್ರೆಯವರು ಬಂದು 25 ವರ್ಷದ ಹುಡುಗೀರಿಗೂ ಮ್ಯಾಮೋಗ್ರಾಮ್ ಪ್ಯಾಕೇಜ್ ಕೂಪನ್ ಕೊಟ್ಟು ಹೋದ್ರು. ನನ್ನ ಮಗಳು ಹೆದರಿ ಎರಡು ದಿನ ನಿದ್ದೆ ಮಾಡಿಲ್ಲ.

ಲ್ಯಾಬ್‌ಕೋಟು
25ಕ್ಕೆ, ತೊಂದರೆ ಏನೂ ಇಲ್ಲದಿದ್ರೆ, ಮನೇಲಿ ಯಾರಿಗೂ ಇಲ್ಲದಿದ್ರೆ, ಬೇಕಿಲ್ಲ. ಚಿಕ್ಕ ವಯಸ್ಸಲ್ಲಿ ಸ್ತನದ ಒಳಗಿನ ಅಂಗಾಂಶ ದಟ್ಟವಾಗಿ ಇರೋದ್ರಿಂದ ಮ್ಯಾಮೋಗ್ರಾಮ್‌ನಲ್ಲಿ ಸರಿಯಾಗಿ ಕಾಣೋದೂ ಇಲ್ಲ, ಗಂಟು ಸಿಕ್ಕಿದ್ರೆ ಅಲ್ಟ್ರಾಸೌಂಡ್ ಮಾಡ್ತಾರೆ. ಅಮ್ಮ, ಅಕ್ಕತಂಗಿಗೆ ಚಿಕ್ಕ ವಯಸ್ಸಲ್ಲೇ ಬಂದಿದ್ರೆ ಬೇಗ ಡಾಕ್ಟರ್ ಹತ್ರ ಕೇಳ್ಬೇಕು.

ಕೈ ಪರೀಕ್ಷೆ ಬಗ್ಗೆ ಕೇಳಿದ್ದು ಒಳ್ಳೇದಾಯ್ತು. ಮುಂಬೈನಲ್ಲಿ 1998ರಲ್ಲಿ ಟಾಟಾದವರೇ, ಡಾ. ಇಂದ್ರನೀಲ್ ಮಿತ್ರ ಅವರ ನೇತೃತ್ವದಲ್ಲಿ, ಕೊಳೆಗೇರಿಗಳ 35ರಿಂದ 64 ವರ್ಷದ ಒಂದೂವರೆ ಲಕ್ಷ ಹೆಂಗಸರನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆಯರು ಕೈಯಲ್ಲಿ ಪರೀಕ್ಷೆ ಮಾಡಿದ್ರು. ಡಾಕ್ಟರಲ್ಲ, ಆಶಾ ಅಕ್ಕನಂಥೋರು. ಇಪ್ಪತ್ತು ವರ್ಷ ಬಿಟ್ಟು ಲೆಕ್ಕ ಹಾಕಿ 2021ರಲ್ಲಿ ಪ್ರಕಟ ಮಾಡಿದ್ರು. ಪರೀಕ್ಷೆ ಆದವರಲ್ಲಿ ಕಾಯಿಲೆ ಇನ್ನೂ ಮೊದಲ ಹಂತದಲ್ಲಿದ್ದಾಗಲೇ ಸಿಕ್ತು, 50 ದಾಟಿದವರಲ್ಲಿ ಸಾವು ಹತ್ತಿರ ಹತ್ತಿರ ಶೇ. 30 ಕಡಿಮೆ ಆಯ್ತು. 50ರ ಒಳಗಿನವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳ್ಬೇಕು. ನೋಡಿ, ಇದೂ ಸಂಶೋಧನೆನೇ.

ಪ್ರತಿ ತಿಂಗಳು ತಾನೇ ಪರೀಕ್ಷೆ ಮಾಡ್ಕೊಳ್ಳಿ ಅಂತ ಪೋಸ್ಟರ್ ಹಾಕ್ತಾರಲ್ಲ, ಶಾಂಘೈನಲ್ಲಿ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಬಟ್ಟೆ ಮಿಲ್ ಕೆಲಸಗಾರ್ತಿಯರಲ್ಲಿ ಅರ್ಧ ಜನಕ್ಕೆ ಅದನ್ನ ಕಲಿಸಿ ನೋಡಿದ್ರು, ಸಾವು ಕಡಿಮೆ ಆಗ್ಲಿಲ್ಲ ಅಂತ 2002ರಲ್ಲಿ ಬಂತು. ಅದಕ್ಕೇ ಈಗ ಹೇಳೋದು, ತಿಂಗಳಿಗೊಂದು ದಿನ ಗೊತ್ತುಮಾಡ್ಕೊಂಡು ಪರೀಕ್ಷೆ ಮಾಡೋದಕ್ಕಿಂತ ನಿಮ್ಮ ಮೈ ಹೇಗಿರುತ್ತೆ ಅಂತ ನಿಮಗೆ ಗೊತ್ತಿರ್ಲಿ, ಹೊಸದಾಗಿ ಗಂಟು, ಚರ್ಮ ಒಳಗೆ ಎಳೆಯೋದು, ಕಿತ್ತಳೆ ಸಿಪ್ಪೆ ತರ ಆಗೋದು, ತೊಟ್ಟು ಒಳಗೆ ಹೋಗೋದು ಕಂಡ್ರೆ ಕಾಯಬೇಡಿ. ಟೀಚರ್ ವಾರಗಿತ್ತಿ ಕನ್ನಡಿಯಲ್ಲಿ ನೋಡಿದ್ರಲ್ಲ, ಅವರ ಕಣ್ಣು ಸರಿಯಾಗೇ ಹಿಡಿದಿತ್ತು.

ತಿಪಟೂರ್_ಟೀಚರ್
ಕೊನೆ ಸಾಲು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಹೌದು, ಅವಳ ಕಣ್ಣು ಹಿಡಿದಿತ್ತು.

ಚೆನ್ನೈ_ಕನ್ನಡತಿ
ಸಣ್ಣ ದುಡ್ಡು ಅಂತ ಯಾರೂ ಅಂದ್ಕೋಬೇಡಿ. ಇಲ್ಲಿ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಇದೆಯಲ್ಲ, ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ತಂಗಿ ಕ್ಯಾನ್ಸರ್‌ನಿಂದ ತೀರಿಕೊಂಡ್ರು, ಅದರ ಮೇಲೆ ಅವರು ಹಠ ಹಿಡಿದು, ಮಹಿಳಾ ಸಂಘದವರನ್ನ ಸೇರಿಸ್ಕೊಂಡು ದುಡ್ಡು ಎತ್ತಿ 1954ರಲ್ಲಿ 12 ಹಾಸಿಗೆಯಿಂದ ಶುರು ಮಾಡಿದ್ದು. ಅಲ್ಲಿನ ಡಾಕ್ಟರ್ ವಿ. ಶಾಂತಾ ಅವರು 2021ರಲ್ಲಿ ತೀರಿಕೊಳ್ಳೋವರೆಗೂ ಅಲ್ಲೇ ದುಡಿದ್ರು. ನನ್ನ ಅತ್ತೆಗೆ ಅಲ್ಲೇ ಚಿಕಿತ್ಸೆ ಆಗಿದ್ದು. ಅದನ್ನ ಕಟ್ಟಿದ್ದೂ ನಿಮ್ಮಂಥ ಹೆಂಗಸರೇ.

ತಿಪಟೂರ್_ಟೀಚರ್
ಅಪ್ಡೇಟ್ ಕೊಡ್ತಿದೀನಿ. ನಿನ್ನೆ ಸಂಜೆ ನಮ್ಮನೆ ಹಜಾರದಲ್ಲಿ ಎಲ್ರೂ ಸೇರಿದ್ವಿ, ಇಲ್ಲಿ ಬರೆದಿದ್ದನ್ನೆಲ್ಲಾ ಜೋರಾಗಿ ಓದಿದೆ. ಅನಾಮಿಕ ಅಣ್ಣ ಬರೆದಿದ್ದು ಓದೋವಾಗ ಬಾಗಿಲ ಹತ್ರ ನಿಂತಿದ್ದ ಗಂಡಸರು ಒಳಗೆ ಬಂದು ಕೂತ್ರು.

ಎಣಿಸಿದ ಹಾಳೆ ಮೇಲೆ ಐದು ಜನ ಸೈನ್ ಹಾಕಿದ್ವಿ. ಹಣ ಸಂಘದ ಅಕೌಂಟ್‌ಗೆ ಹೋಗಿದೆ, ಸೋಮವಾರ ಎರಡು ಕಡೆಗೆ ಕಾಗದ ಬರೀತೀವಿ, ಸಂಶೋಧನೆಗೆ ಮಾತ್ರ ಅಂತ ಯಾರು ಬರೆದುಕೊಡ್ತಾರೋ ಅವರಿಗೆ ಪೂರ್ತಿ 63,400. ರೇಡಿಯೇಶನ್‌ಗೆ ಹೋಗಿ ಬರೋರ ಊಟ, ಟಿಕೆಟ್‌ಗೆ ಸಂಕ್ರಾಂತಿಗೆ ಬೇರೆ ಹುಂಡಿ, ಬೇರೆ ಬ್ಯಾನರ್. ಬುಧವಾರ ಉಪಕೇಂದ್ರದ ಸಿಸ್ಟರ್ ಬರ್ತಾರೆ, 32 ಜನ ಹೆಸರು ಕೊಟ್ಟಿದ್ದಾರೆ, ನಮ್ಮತ್ತೆ ಹೆಸರು ಮೊದಲನೇದು.

ಕಡಲತೀರ ಅವರೇ, ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬರಿಗೆ ಹೋದ ವರ್ಷ ಆಪರೇಷನ್ ಆಗಿದೆ, ಆಮೇಲೆ ಅವರು ಯಾವ ಮದುವೆ ಮುಂಜಿಗೂ ಬಂದಿಲ್ಲ. ನಿಮ್ಮ ತಾಯಿ ಹೊಲಿದ ಚೀಲದ ಅಳತೆ ಸಿಗಬಹುದಾ? ನನಗೆ ಹೊಲಿಗೆ ಬರುತ್ತೆ.

ಕಡಲತೀರ_88
ಅಮ್ಮನನ್ನು ಕೇಳಿಯೇ ಬರಿತಿದ್ದೇನೆ. ಮೊದಲು ಗಾಯ ಪೂರ್ತಿ ಒಣಗಿರ್ಬೇಕು, ಭಾರ ಇಡಬಹುದಾ ಅಂತ ಅವರ ಡಾಕ್ಟ್ರ ಹತ್ರ ಕೇಳ್ಲಿ. ಅಳತೆಗೆ ಅವರ ಹಳೇ ಬ್ರಾದ ಇನ್ನೊಂದು ಬದಿಯ ಕಪ್ಪನ್ನು ಕಾಗದದ ಮೇಲೆ ಇಟ್ಟು ಗೆರೆ ಎಳೆಯಿರಿ, ಸುತ್ತ ಅರ್ಧ ಇಂಚು ಬಿಟ್ಟು ಕತ್ತರಿಸಿ. ಒಗೆದು ಮೆತ್ತಗಾದ ಕಾಟನ್ನೇ ಬೇಕು, ಹೊಸ ಬಟ್ಟೆ ಬೇಡ, ಕಲೆ ಇದ್ದ ಜಾಗದಲ್ಲಿ ತುರಿಸ್ತದೆ. ಎರಡು ಸುತ್ತು ಹೊಲಿಗೆ, ಅಂಚು ಒಳಗೆ. ಸಾಸಿವೆ ಒಂದು ಪಾವಿಗಿಂತ ಸ್ವಲ್ಪ ಜಾಸ್ತಿ ಹಿಡಿತದಂತೆ, ಆದ್ರೆ ತೂಗಿ ತುಂಬಿಸ್ಬೇಡಿ, ಅವರನ್ನೇ ಕನ್ನಡಿ ಎದುರು ನಿಲ್ಲಿಸಿ ಭುಜ ಸಮ ಆಗುವವರೆಗೆ ಸ್ವಲ್ಪ ಸ್ವಲ್ಪ ಹಾಕಿ ಅಂದ್ರು. ಮೇಲೊಂದು ಕವರ್ ಹೊಲಿಯಿರಿ, ಅದನ್ನು ಮಾತ್ರ ಒಗೆಯುದು. ಸಾಸಿವೆಯನ್ನು ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ. ಇಲ್ಲಿಯ ಮಳೆಗಾಲದಲ್ಲಿ ಅಮ್ಮ ಒಲೆಯ ದಂಡೆಯಲ್ಲಿ ಮೊರದ ಮೇಲೆ ಹರಡಿ ಇಡ್ತಾರೆ.